ಮುಡಿಪಿನ ಡ್ರಮ್ಮಿಗೆ ಕಟ್ಟಿದ ಸರಪಳಿ

ನಮ್ಮ ಮನೆಯಲ್ಲಿ ಮಿಲ್ಲು ಮುಂದೆ, ದೇವರು ನಡುವೆ, ಒಲೆ ಹಿಂದೆ. ಕೊಪ್ಪದ ಬೀದಿಯಿಂದ ನಮ್ಮ ಹೊಸಿಲು ದಾಟಿದವರು ಮೊದಲು ಹಿಟ್ಟಿನ ಧೂಳಿಗೆ ಕೆಮ್ಮಬೇಕು, ಆಮೇಲೆ ನಡುಮನೆಯ ದೇವರ ಗೂಡಿಗೆ ಕೈಮುಗಿಯಬೇಕು, ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲೆತ್ತಿ ಅವ್ವನನ್ನು ಕರೆಯಬೇಕು. ಮೂರು ಕೋಣೆಗೂ ಸೇರಿ ಒಂದೇ ಉದ್ದನೆಯ ಹೆಂಚಿನ ಸೂರು. ಮಿಲ್ಲು ಓಡುತ್ತಿದ್ದಾಗ ಆ ಸೂರಿನಡಿ ಇದ್ದದ್ದೆಲ್ಲ ನಡುಗುತ್ತಿತ್ತು. ಹಂಡೆಯ ಮೇಲಿನ ಚೊಂಬು, ದೇವರ ಪಟಗಳ ಗಾಜು, ಊಟಕ್ಕೆ ಕೂತರೆ ತಟ್ಟೆಯೊಳಗಿನ ಸಾರು. ನನಗೆ ತಿಳಿವಳಿಕೆ ಬಂದಾಗಿನಿಂದ ಆ ನಡುಕ ಇದ್ದೇ ಇತ್ತು, ಆದ್ದರಿಂದ ಅದು ನಡುಕ ಎಂದೇ ನನಗೆ ಗೊತ್ತಿರಲಿಲ್ಲ. ಕರೆಂಟು ಹೋಗಿ ಮಿಲ್ಲು ನಿಂತಾಗ ಮಾತ್ರ ಏನೋ ತಪ್ಪಿದೆ ಅನಿಸಿ ಎದೆ ಹಾರುತ್ತಿತ್ತು. ಅಪ್ಪನ ಹುಬ್ಬು ಯಾವಾಗಲೂ ಬೆಳ್ಳಗೆ. ತೊಲೆಗಳ ನಡುವೆ ಜೇಡ ಕಟ್ಟಿದ ಬಲೆಗಳಿಗೆ ಹಿಟ್ಟು ಕೂತು, ಅವು ದಪ್ಪ ಹಾರಗಳಂತೆ ಜೋತುಬಿದ್ದಿರುತ್ತಿದ್ದವು. ಅವ್ವ ವಾರಕ್ಕೊಮ್ಮೆ ಕೋಲಿಗೆ ಪೊರಕೆ ಕಟ್ಟಿ ಅವನ್ನು ಇಳಿಸುತ್ತಿದ್ದಳು. ಮಾರನೆಯ ದಿನಕ್ಕೆ ಮತ್ತೆ ಹಾರ.

ಅವ್ವನಿಗೆ ಒಂದು ಅಭ್ಯಾಸವಿತ್ತು, ಅದು ಈಗ ನನಗೂ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಹೊಸಿಲ ಹತ್ತಿರ ಕೂತು, ಅವತ್ತು ಅಮ್ಮ ಕೊಟ್ಟದ್ದನ್ನು ಎಣಿಸುವುದು. ಅಮ್ಮ ಅಂದರೆ ಊರ ಮಾರಮ್ಮ. ನಮ್ಮಲ್ಲಿ ಹೆತ್ತವಳು ಅವ್ವ, ಕಾಯುವವಳು ಅಮ್ಮ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಮಡಿಸಿ ಇಡುತ್ತ ಹೋದರೆ ಹನ್ನೆರಡು ಆಗುತ್ತದೆ. ಹನ್ನೆರಡು ತುಂಬದೆ ಅವ್ವ ಒಲೆಯ ಕಡೆಗೆ ಏಳುತ್ತಿರಲಿಲ್ಲ. ದೊಡ್ಡದೇ ಆಗಬೇಕೆಂದಿಲ್ಲ.

"ಅಸ ಒದೀದೆ ಆಲು ಕೊಡ್ತು, ಒಂದು. ಸೌದೆ ಒಣಗಿತ್ತು, ಎರಡು. ಮಂಜಿ ಜಡೆ ಆಕುಸ್ಕೊಳ್ಳುವಾಗ ಕಿರುಚ್ಲಿಲ್ಲ, ಮೂರು."

ಮಂಜಿ ಅಂದರೆ ನಾನು. ನನ್ನ ತಂಟೆಯಿಲ್ಲದ ದಿನವನ್ನೂ ಅವ್ವ ಒಂದು ಗೆಣ್ಣಿಗೆ ಲೆಕ್ಕ ಹಿಡಿಯುತ್ತಿದ್ದಳು. ಈಗ ಮಂಡ್ಯದ ಗುತ್ತಲಿನ ನನ್ನ ಮನೆಯಲ್ಲಿ ನಾನು ಎಣಿಸುವುದೂ ಇಂಥವೇ. ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಮಂಡಿ ಹಿಡಿಯಲಿಲ್ಲ. ಯಾಕೆ ಎಣಿಸುತ್ತೇನೆ ಎಂದು ಸೊಸೆ ಕೇಳಿದರೆ ರೂಢಿ ಅನ್ನುತ್ತೇನೆ. ಅದು ಪೂರ್ತಿ ನಿಜವಲ್ಲ. ಪೂರ್ತಿ ಹೇಳಬೇಕಾದರೆ ನಮ್ಮ ಮಿಲ್ಲಿನ ಮೂಲೆಯಲ್ಲಿದ್ದ ಡ್ರಮ್ಮಿನಿಂದ ಶುರು ಮಾಡಬೇಕು.

ಅದು ಮುಡಿಪಿನ ಡ್ರಮ್ಮು, ತಗಡಿನದು, ಮುಚ್ಚಳ ಅರ್ಧ ಕಿತ್ತದ್ದು. ಅಕ್ಕಿ ಬೀಸಿಸಿಕೊಂಡು ಹೋಗುವ ಹೆಂಗಸರು ಒಂದು ಹಿಡಿ ಹಿಟ್ಟನ್ನು ಅದರಲ್ಲಿ ಹಾಕಿ ಹೋಗುವುದು ನಮ್ಮ ಬೀದಿಯ ಪದ್ಧತಿ. ಬೇಸಿಗೆಯ ಮೊದಲಲ್ಲಿ ಮಾರಮ್ಮನಿಗೆ ತಂಬಿಟ್ಟಿನ ಆರತಿ ಬರುತ್ತದಲ್ಲ, ಅವತ್ತು ಆ ಹಿಟ್ಟಿಗೆ ಬೆಲ್ಲ ಕಲಸಿ, ಮುದ್ದೆಯಂತೆ ಕಟ್ಟಿ, ಮೇಲೆ ಗುಳಿ ಮಾಡಿ, ತುಪ್ಪದ ಬತ್ತಿ ಇಟ್ಟು, ಬೀದಿಯ ಹೆಂಗಸರೆಲ್ಲ ತಟ್ಟೆ ಹೊತ್ತು ಗುಡಿಗೆ ಹೋಗುವುದು. ಹಿಟ್ಟು ಎಲ್ಲರದು, ಕಾವಲು ಮಾತ್ರ ನಮ್ಮ ಅಜ್ಜಿಯದು. ಅಪ್ಪನ ತಾಯಿ. ಒಣಗಿದ ಕಬ್ಬಿನ ಜಲ್ಲೆಯ ಹಾಗೆ ತೆಳ್ಳಗೆ, ನೆಟ್ಟಗೆ ಇದ್ದಳು. ಮಿಲ್ಲಿಗೂ ನಡುಮನೆಗೂ ನಡುವಿನ ಬಾಗಿಲಲ್ಲಿ ಮರದ ಮಣೆಯ ಮೇಲೆ ಕೂತು, ಯಾರು ತುಂಬು ಹಿಡಿ ಹಾಕಿದರು, ಯಾರು ಬೆರಳ ಸಂದಿಯಲ್ಲಿ ಸೋರಿಸಿ ಅರ್ಧ ಹಾಕಿದರು ಎಂದು ನೋಡುತ್ತಿದ್ದಳು. ಬಾಯಿ ಬಿಟ್ಟು ಯಾರನ್ನೂ ಕೇಳುತ್ತಿರಲಿಲ್ಲ. ಆ ನೋಟವೇ ಸಾಕಾಗುತ್ತಿತ್ತು.

ಆ ವರ್ಷ ಅಜ್ಜಿಯ ಮಡಿ ಹೆಚ್ಚಾಯಿತು. ಮೋಟಾರಿನಿಂದ ಬೀಸುವ ಕಲ್ಲಿನ ಚಕ್ರಕ್ಕೆ ಓಡುತ್ತಿದ್ದದ್ದು ಹಳೆಯ ಚರ್ಮದ ಪಟ್ಟಾ. ಡ್ರಮ್ಮಿನ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ ಅದು ಮೇಲಕ್ಕೆ ಏರುತ್ತಿತ್ತು. ಅಮ್ಮನ ಹಿಟ್ಟಿನ ಪಕ್ಕ ಸತ್ತ ದನದ ಚರ್ಮ ಯಾಕೆ ಎಂದು ಅಜ್ಜಿ ಹಿಡಿದ ಹಟ ಬಿಡಲಿಲ್ಲ. ಎರಡು ಹೊತ್ತು ಊಟ ಬಿಟ್ಟಳು. ಅಪ್ಪ ಮದ್ದೂರಿಗೆ ಹೋಗಿ ಹೊಸ ರಬ್ಬರಿನ ಪಟ್ಟಾ ತಂದು ಹಾಕಿದ. ಆಮೇಲೆ ಡ್ರಮ್ಮು ನೆಲಕ್ಕೆ ತಾಗಿದೆ, ತುಳಿದ ಧೂಳು ಅದರ ಬುಡಕ್ಕೆ ಬರುತ್ತದೆ, ಇರುವೆ ಹತ್ತುತ್ತದೆ ಎಂದು ಶುರುವಾಯಿತು. ಆ ದಿನಗಳಲ್ಲಿ ನಮ್ಮ ಊರಿನ ಕರೆಂಟಿನ ಕಂಬಗಳಿಗೆ ತಂತಿ ಬದಲಾಯಿಸಿದ್ದರು. ತಂತಿ ಕಟ್ಟುವ ಬಿಳಿಯ ಪಿಂಗಾಣಿಗಳು, ಗಂಟೆಯಂಥವು, ಕಂಬದ ಬುಡದಲ್ಲಿ ಬಿದ್ದಿದ್ದವು. ಮುಟ್ಟಿದರೆ ತಣ್ಣಗೆ, ತೊಳೆದರೆ ಫಳಫಳ. ಇಂಥ ಶುದ್ಧವಾದ ವಸ್ತು ಇನ್ನಿಲ್ಲ ಎಂದು ಅಜ್ಜಿಗೆ ಅನಿಸಿತು. ನಾಲ್ಕನ್ನು ಆರಿಸಿ ತಂದು, ಅರಿಸಿನದ ನೀರಲ್ಲಿ ತೊಳೆದು, ಮೂಲೆಯಲ್ಲಿ ಇಟ್ಟು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಡ್ರಮ್ಮು. ಕುಂಕುಮ ಹಚ್ಚಿ ಹೂವು ಇಟ್ಟಳು. ಪಿಂಗಾಣಿಯ ಕಾಲಿನ ಮೇಲೆ ಡ್ರಮ್ಮು ನಿಂತಾಗ ನಿಜಕ್ಕೂ ಪೀಠದ ಮೇಲೆ ಕೂತ ಹಾಗೆ ಕಾಣುತ್ತಿತ್ತು. ನಾವೆಲ್ಲ ಕೈಮುಗಿದೆವು. ಪಟ್ಟಾ, ಪೀಠ ಎರಡನ್ನೂ ಭಕ್ತಿಯಿಂದಲೇ ಮಾಡಿದ್ದು. ಅದನ್ನು ನಾನು ಇವತ್ತೂ ಅಲ್ಲಗಳೆಯುವುದಿಲ್ಲ.

ಮೊದಲು ಹೊಡೆದದ್ದು ಪಕ್ಕದ ಮನೆಯ ಕೆಂಪಮ್ಮನಿಗೆ. ಮಾಘ ಕಳೆದು ಗಾಳಿ ಒಣಗಿತ್ತು, ತುಟಿ ಒಡೆಯುವ ದಿನಗಳು. ಮಿಲ್ಲು ಓಡುತ್ತಿತ್ತು. ಕೆಂಪಮ್ಮ ಹಿಡಿ ಹಿಟ್ಟು ಹಿಡಿದು ಡ್ರಮ್ಮಿನ ಬಾಯಿಗೆ ಕೈ ಒಡ್ಡಿದಳು. ಚಟ್ ಎಂದಿತು. ಅವಳ ಬೆಳ್ಳಿಯ ಬಳೆಗೂ ಡ್ರಮ್ಮಿನ ಅಂಚಿಗೂ ನಡುವೆ ನೀಲಿ ನೂಲೊಂದು ಎಳೆದು ಮಾಯವಾದದ್ದನ್ನು ನಾನು ಕಣ್ಣಾರೆ ಕಂಡೆ. ಕೆಂಪಮ್ಮ ಹಿಟ್ಟು ಚೆಲ್ಲಿ ಹಿಂದಕ್ಕೆ ಹಾರಿದಳು.

"ಅಯ್ಯಯ್ಯೋ ಸಿವನೇ! ಏನೋ ಕಚ್ಚುದಂಗಾಯ್ತು ಕಣಮ್ಮೀ!"

ಅಜ್ಜಿ ಮಣೆಯಿಂದ ಏಳಲಿಲ್ಲ.

"ಎಷ್ಟು ಇಡಿ ಆಕ್ದೆ?"

"ಇಡಿ ತುಂಬಾನೇ ಆಕ್ದೆ ಕಣಜ್ಜಿ."

"ಅಂಗಾದ್ರೆ ಅಮ್ಮ ಸುಮ್ಸುಮ್ನೆ ಒಡುದ್ಲಾ? ನೋಡ್ಕೊ ನೀನೇಯ."

ಕೆಂಪಮ್ಮ ಮನೆಗೆ ಹೋಗಿ ಇನ್ನೊಂದು ಹಿಡಿ ತಂದು ಹಾಕಿದಳು. ಅಷ್ಟರಲ್ಲಿ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಈ ಸಲ ಏನೂ ಆಗಲಿಲ್ಲ. ಬೀದಿಗೆಲ್ಲ ಸುದ್ದಿ ಹಬ್ಬಲು ಇನ್ನೇನು ಬೇಕಿತ್ತು? ಕಮ್ಮಿ ಹಾಕಿದವರಿಗೆ ಅಮ್ಮ ಹೊಡೆಯುತ್ತಾಳೆ, ಸರಿಯಾಗಿ ಹಾಕಿದರೆ ಬಿಡುತ್ತಾಳೆ. ಹೆಂಗಸರು ಹಿಡಿ ತುಂಬಿಸಿಕೊಂಡು ಬಂದು ಹಾಕತೊಡಗಿದರು. ಒಬ್ಬರಿಗೆ ಹೊಡೆದರೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ನಗುನಗುತ್ತ ಬೀಸಿಸಿಕೊಂಡು ಹೋಗುತ್ತಿದ್ದ ಜಾಗದಲ್ಲಿ ಮಾತೇ ಕಡಿಮೆಯಾಯಿತು.

ಡ್ರಮ್ಮೂ ದಿನೇದಿನೇ ಬದಲಾಗುತ್ತಿದೆ ಅನಿಸುತ್ತಿತ್ತು. ಮಿಲ್ಲು ಓಡುವಾಗ ಅದರ ಹತ್ತಿರ ಹೋದರೆ ಮುಂಗೈಯ ಕೂದಲು ತಾವಾಗಿ ಎದ್ದು ನಿಲ್ಲುತ್ತಿದ್ದವು. ಮುಖದ ಮೇಲೆ ಜೇಡರಬಲೆ ಹರಿದಂತೆ ಆಗುತ್ತಿತ್ತು, ಒರೆಸಿದರೆ ಏನೂ ಇಲ್ಲ. ತೊಲೆಯಿಂದ ಜೋತ ಹಿಟ್ಟಿನ ಹಾರಗಳು ಗಾಳಿಯಿಲ್ಲದೆಯೂ ಡ್ರಮ್ಮಿನ ಕಡೆಗೇ ವಾಲುತ್ತಿದ್ದವು. ಪಟ್ಟಾ ಏರುವ ಕಡೆಯಿಂದ ಸಣ್ಣಗೆ, ಬಿಡದೆ, ಹಾವಿನ ಬುಸುಗಾಟದಂಥ ಸದ್ದು. ಸಿಡಿಲು ಬಿದ್ದ ತೆಂಗಿನ ಮರದ ಬುಡದಲ್ಲಿ ಒಮ್ಮೆ ಮೂಸಿದ್ದ ವಾಸನೆಯೇ ಮೂಲೆಯಲ್ಲಿ ಬರುತ್ತಿತ್ತು. ನಮ್ಮ ಬೆಕ್ಕು ಆ ಕಡೆ ಹೋಗುವುದನ್ನು ಬಿಟ್ಟಿತು. ಅಜ್ಜಿ ಮಾತ್ರ ದಿನವೂ ಹೂವು ಏರಿಸುತ್ತಿದ್ದಳು, ಬೆಳಿಗ್ಗೆ ಮಿಲ್ಲು ಶುರುವಾಗುವ ಮೊದಲು.

ಎಲ್ಲರಿಗಿಂತ ಹೆಚ್ಚು ಹೊಡೆದದ್ದು ಅವ್ವನಿಗೆ. ಅಪ್ಪನ ಊಟದ ಹೊತ್ತಿಗೆ ಅಡುಗೆಮನೆಯಿಂದ ಒದ್ದೆ ಕೈಯಲ್ಲಿ, ಒದ್ದೆ ಕಾಲಲ್ಲಿ ಅವಳೇ ಮಿಲ್ಲಿಗೆ ಬಂದು ನಿಲ್ಲುತ್ತಿದ್ದಳು. ಮೂಲೆಯಲ್ಲಿ ಹಾದರೆ ಸಾಕು, ಮೊಣಕೈಗೆ ಚಟ್. ಅಪ್ಪನಿಗೆ ಒಂದು ದಿನವೂ ಹೊಡೆಯಲಿಲ್ಲ. ಅವನ ಕಾಲಲ್ಲಿ ಟೈರಿನ ಚಪ್ಪಲಿ ಇರುತ್ತಿತ್ತು ಎಂಬುದನ್ನು ಆಗ ಯಾರು ಯೋಚಿಸಿದರು? ಅಜ್ಜಿ ಬೇರೆಯದನ್ನು ಯೋಚಿಸಿದಳು. ಡ್ರಮ್ಮಿನ ಹಿಟ್ಟು ಇಳಿಯುತ್ತಿದೆ, ಗುರುತು ಹಾಕಿದ ಗೆರೆಗಿಂತ ಎರಡು ಬೆರಳು ಕಮ್ಮಿಯಾಗಿದೆ ಎಂದು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದಳು.

"ಇಟ್ಟೇನು ರೆಕ್ಕೆ ಕಟ್ಕೊಂಡ್ ಆರೋಯ್ತಾ? ಯಾರ್ ತವರಿಗೆ ಓಯ್ತು ಅಂತ ಅಮ್ಮಂಗೆ ಗೊತ್ತು. ಅದ್ಕೇ ಒಡೀತಾವ್ಳೆ."

ಅವ್ವ ಮುದ್ದೆ ಕಟ್ಟುತ್ತಿದ್ದವಳು ಹಾಗೇ ನಿಂತಳು.

"ನಮ್ ತವರ್ನಲ್ಲಿ ಇಟ್ಟಿಗೆ ಬರ ಇಲ್ಲ ಅತ್ತೆ."

"ಕೈ ಸುದ್ದವಾಗಿದ್ರೆ ಆರತಿ ದಿನ ನೀನೇ ಮುಡಿಪು ಎತ್ತು. ಬೀದಿ ಎಣ್ಮಕ್ಳೆಲ್ಲ ಇರ್ಲಿ. ಮಿಲ್ಲು ಓಡ್ತಾ ಇರ್ಲಿ. ಅಮ್ಮ ಒಡೀದಿದ್ರೆ ನಾನೇ ನಿನ್ ಕಾಲಿಗ್ ಬೀಳ್ತೀನಿ."

ಅಪ್ಪ ತಲೆ ಎತ್ತಲಿಲ್ಲ. "ಉಣ್ಣಕ್ ಬುಡವ್ವ" ಎಂದಷ್ಟೇ ಹೇಳಿದ. ನಾನು ಅರ್ಧ ಊಟಕ್ಕೇ ಎದ್ದೆ. ಯಾಕೆಂದರೆ ಹಿಟ್ಟು ತಿಂದದ್ದು ನಾನು. ಶಾಲೆಯಿಂದ ಬಂದು, ಮಿಲ್ಲು ನಿಂತ ಹೊತ್ತು ನೋಡಿ, ಡ್ರಮ್ಮಿನಿಂದ ಹಿಡಿ ಹಿಟ್ಟು ತೆಗೆದು ಬೆಲ್ಲದ ಚೂರಿನ ಜೊತೆ ಹಿತ್ತಲಲ್ಲಿ ಮುಕ್ಕುತ್ತಿದ್ದೆ. ಒಂದು ದಿನ ಅಲ್ಲ, ಒಂದು ತಿಂಗಳು. ನನಗೆ ಒಮ್ಮೆಯೂ ಹೊಡೆದಿರಲಿಲ್ಲ. ಮಿಲ್ಲು ನಿಂತಾಗ ಮುಟ್ಟಿದ್ದರಿಂದ ಎಂದು ಈಗ ಗೊತ್ತು. ಆಗ ನನಗೆ ಹೊಳೆದದ್ದು ಒಂದೇ. ಅಮ್ಮ ಮಕ್ಕಳನ್ನು ಹೊಡೆಯುವುದಿಲ್ಲ, ಮಕ್ಕಳ ತಪ್ಪಿಗೆ ಹೆತ್ತವಳನ್ನು ಹೊಡೆಯುತ್ತಾಳೆ. ಹತ್ತು ವರ್ಷದ ನನಗೆ ಅದಕ್ಕಿಂತ ನ್ಯಾಯವಾದ ಲೆಕ್ಕ ಬೇರೆ ಕಾಣಲಿಲ್ಲ. ಬಾಯಿ ಬಿಟ್ಟು ಹೇಳಲು ಧೈರ್ಯವೂ ಬರಲಿಲ್ಲ.

ಆರತಿಗೆ ಎರಡು ದಿನ ಇದೆ ಅನ್ನುವಾಗ, ಭಾನುವಾರ, ಪುಟ್ಟಸ್ವಾಮಿ ಮಾವ ಬಂದ. ಅವ್ವನ ತಮ್ಮ. ಮಳವಳ್ಳಿಯಲ್ಲಿ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಟೆಂಡರು. ಗಾಜಿನ ಬೀರು ಒರೆಸುವುದು, ಮೇಷ್ಟರು ಕೇಳಿದ ಸಾಮಾನು ಎತ್ತಿ ಕೊಡುವುದು ಅವನ ಕೆಲಸ. ಆದರೆ ಇಪ್ಪತ್ತು ಸಲ ಕೇಳಿದ ಪಾಠ ಅವನಿಗೆ ಬಾಯಿಪಾಠ. ಮಿಲ್ಲು ದಾಟಿ ಒಳಗೆ ಬರುವಾಗಲೇ ಅವನ ಮೊಣಕೈಗೂ ಚಟ್ ಎಂದಿತು. ಕೆಂಪಮ್ಮನ ಹಾಗೆ ಅವನು ಹಾರಲಿಲ್ಲ. ನಿಂತ. ಡ್ರಮ್ಮಿನ ಸುತ್ತ ಬಂದ. ಕುಕ್ಕರಗಾಲಲ್ಲಿ ಕೂತು ಕೆಳಗಿನ ಪಿಂಗಾಣಿ ನೋಡಿದ. ಪಟ್ಟಾದ ಕಡೆಗೆ ಚಾಚಿಕೊಂಡಿದ್ದ ಡ್ರಮ್ಮಿನ ಮುಚ್ಚಳದ ಹರಿದ ತಗಡನ್ನು ನೋಡಿದ. ಅದು ಹರಿದು ಹರಿದು ಬಾಚಣಿಗೆಯ ಹಲ್ಲಿನಂತಾಗಿತ್ತು. ಆಮೇಲೆ ಬಿದ್ದು ಬಿದ್ದು ನಗತೊಡಗಿದ.

"ಬಾವ, ನಮ್ ಕಾಲೇಜ್ನಲ್ಲಿ ಬೀರುನಾಗೆ ಬೀಗ ಆಕಿ ಮಡಗಿರೋ ಮಿಷಿನ್ನ ನೀವು ಮೂಲೇಲಿ ಊವಾ ಆಕಿ ಮಡಗಿದ್ದೀರಲ್ಲ!"

ಊಟಕ್ಕೆ ಕೂತಾಗ ಅವನು ಹೇಳಿದ್ದು ನನಗೆ ಇವತ್ತಿಗೂ ಮಾತುಮಾತಾಗಿ ನೆನಪಿದೆ. ಅವನ ಕಾಲೇಜಿನ ಮಿಷಿನ್ನಿಗೆ ಒಂದು ರಬ್ಬರಿನ ಪಟ್ಟಾ, ಕೆಳಗೊಂದು ಗಾಲಿ, ಮೇಲೊಂದು ಗಾಲಿ. ಮೇಲಿನ ಗಾಲಿ ಒಂದು ದೊಡ್ಡ ಟೊಳ್ಳು ಲೋಹದ ಗುಂಡಿನ ಒಳಗೆ. ಗುಂಡು ನಿಂತಿರುವುದು ಕರೆಂಟು ಹರಿಯದ ಕಂಬದ ಮೇಲೆ. ಪಟ್ಟಾ ಗಾಲಿಗೆ ಉಜ್ಜಿ ಬಿಡುವಾಗ ಅದಕ್ಕೆ ಚೂರು ವಿದ್ಯುತ್ತು ಅಂಟಿಕೊಳ್ಳುತ್ತದೆ. ರಬ್ಬರು ಅದನ್ನು ಹರಿಯಲು ಬಿಡುವುದಿಲ್ಲ, ಹೊತ್ತುಕೊಂಡೇ ಮೇಲೆ ಹೋಗುತ್ತದೆ. ಮೇಲೆ ಚೂಪು ಹಲ್ಲಿನ ಬಾಚಣಿಗೆಯೊಂದು ಪಟ್ಟಾಕ್ಕೆ ಮುಟ್ಟಿಯೂ ಮುಟ್ಟದ ಹಾಗೆ ಇರುತ್ತದೆ. ಅದು ಆ ವಿದ್ಯುತ್ತನ್ನು ಇಳಿಸಿಕೊಂಡು ಗುಂಡಿಗೆ ಕೊಡುತ್ತದೆ.

"ಕೊಟ್ಟಿದ್ದೆಲ್ಲ ಒಳಗೇ ತುಂಬ್ಕೊಂಡು ಸಾಕಾಗಲ್ವಾ?" ಅಪ್ಪ ಕೇಳಿದ.

"ಅದೇ ಮಜಾ ಕಣ್ ಬಾವ. ಒಂದೇ ಜಾತಿ ವಿದ್ಯುತ್ತು ಒಂದುನ್ನೊಂದು ಕಂಡ್ರೆ ಆಗಾಕಿಲ್ಲ, ದೂಡ್ಕೊಂಡು ದೂಡ್ಕೊಂಡು ಎಲ್ಲಾ ಗುಂಡಿನ ಒರಮೈಗೆ ಓಗಿ ಕುಂತ್ಕೋತವೆ. ಒಳಗೆ ಖಾಲಿ. ಅದ್ಕೇ ಪಟ್ಟಾ ಎಷ್ಟು ಸಲ ಬಂದ್ರೂ ಒಳಗೆ ಇಳಿಸಾಕೆ ಜಾಗ ಇದ್ದೇ ಇರ್ತದೆ. ನಮ್ಮಕ್ಕ ಚೊಂಬಿನಲ್ಲಿ ಮಾಳಿಗೆ ಮೇಲಿನ ತೊಟ್ಟಿಗೆ ನೀರು ಒರ್ತಾಳೆ ಅನ್ಕೊ. ತೊಟ್ಟಿಗೆ ತೂತಿಲ್ಲ. ಒತ್ತಾರೆಯಿಂದ ಒರ್ತಾನೇ ಅವ್ಳೆ. ಏರ್ತಾ ಏರ್ತಾ ಲಕ್ಸ ವೋಲ್ಟು ಆಗ್ತದೆ."

"ಲಕ್ಸ ಆದ್ರೆ ಮನ್ಸ ಉಳೀತಾನೇನ್ಲಾ?" ಅವ್ವ ಮುದ್ದೆ ಇಡುತ್ತ ಕೇಳಿದಳು.

"ಉಳೀತಾನೆ ಕಣಕ್ಕ. ಎತ್ತರ ಏನೋ ತಾಳೆಮರದಷ್ಟು, ನೀರು ಒಂದು ಮಿಳ್ಳೆಯಷ್ಟು. ಕಾಲೇಜ್ ಎಣ್ಮಕ್ಳು ಕೈ ಮಡಗ್ತಾರೆ, ತಲೆಗೂದ್ಲೆಲ್ಲ ಮುಳ್ಳಂದಿ ಮುಳ್ಳಾಗ್ತದೆ, ನಗ್ತಾರೆ. ಗಾಳಿ ತಡಕೊಳ್ಳೋಗಂಟ ಏರ್ತದೆ. ತಡಕೊಳ್ಳಾಕೆ ಆಗದಾಗ ಗಾಳೀನೇ ಸೀಳ್ಕೊಂಡು ಕಿಡಿಯಾಗಿ ಆರ್ತದೆ, ಅತ್ರ ಯಾರವ್ರೆ ಅಂತ ನೋಡಾಕಿಲ್ಲ. ಇಲ್ಲಿ ನೋಡು. ರಬ್ಬರ್ ಪಟ್ಟಾ ಅದೆ. ತಗಡಿನ ಬಾಚಣಿಗೆ ಅದೆ. ಟೊಳ್ಳು ಡ್ರಮ್ಮು ಅದೆ. ಕೆಳಗೆ ಪಿಂಗಾಣಿ. ನೆಲದ್ ಮೇಲೆ ಇದ್ದಾಗ ಬಂದಂಗೇ ಭೂಮಿಗೆ ಒಂಟೋಗ್ತಿತ್ತು. ಈಗ ಓಗಾಕೆ ದಾರಿ ಇಲ್ಲ."

ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದ:

"ಕಿಡಿ ಕಚ್ಚುದ್ರೆ ಕಚ್ಲಿ ಬಾವ, ಅದುಕ್ಕೆ ಅಲ್ಲ. ಇಟ್ಟು ಗಾಳೀಲಿ ಮೋಡದಂಗೆ ಎದ್ದಿರ್ವಾಗ ಕಿಡಿ ಆರುದ್ರೆ, ಇಟ್ಟು ಅತ್ಕೋತದೆ. ಸೌದೆ ಅಲ್ಲ, ಒಲೆ ಅಲ್ಲ, ಗಾಳೀನೇ ಅತ್ಕಂಡಂಗೆ. ಇದುನ್ನ ಇವತ್ತೇ ನೆಲಕ್ಕೆ ಇಳುಸ್ರಿ."

ಅಜ್ಜಿ ಅಷ್ಟೂ ಹೊತ್ತು ಅನ್ನ ಕಲಸುತ್ತ ಕೂತಿದ್ದವಳು ಎದ್ದಳು. "ಪೀಠದ್ ಮೇಲೆ ಕುಂತಿರೋಳ್ನ ಇಳಿಸ್ದೋರ ಕೈಲಿ ನಾನು ನೀರ್ ಕುಡಿಯಾಕಿಲ್ಲ" ಅಂದಳು. ಅಪ್ಪನಿಗೆ ತಾಯಿಯ ಎರಡು ಹೊತ್ತಿನ ಉಪವಾಸ ನೆನಪಾಗಿರಬೇಕು. ಕೊನೆಗೆ ಮಾವನೇ ದಾರಿ ಹುಡುಕಿದ. ಬಾವಿಯ ಕೊಡಕ್ಕೆ ಕಟ್ಟಿದ್ದ ಹಳೆಯ ಕಬ್ಬಿಣದ ಸರಪಳಿ ತಂದು, ಒಂದು ತುದಿಯನ್ನು ಡ್ರಮ್ಮಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಸಲಾಕೆ ಕಟ್ಟಿ ಗೋಡೆಯಾಚೆ ಒದ್ದೆ ನೆಲದಲ್ಲಿ ಹೂತ. ಮಿಲ್ಲು ಓಡಿಸಿದರು. ಬುಸುಗಾಟವಿಲ್ಲ. ವಾಸನೆಯಿಲ್ಲ. ಅವ್ವ ಒದ್ದೆ ಕೈಯನ್ನೇ ಡ್ರಮ್ಮಿನ ಮೇಲೆ ಇಟ್ಟಳು. ಇಟ್ಟೇ ಇದ್ದಳು. ಒಂದು ತಿಂಗಳ ಮೇಲೆ ಅವಳು ನಕ್ಕಿದ್ದನ್ನು ನಾನು ಅವತ್ತು ನೋಡಿದೆ.

"ಆಗೋಯ್ತು" ಅಂದಳು ಅಜ್ಜಿ ತನ್ನ ಮಣೆಯ ಮೇಲಿಂದ. "ಅಮ್ಮನ ಕಾಲಿಗೆ ಸರಪಳಿ ಬಿಗುದ್ರಿ. ಇನ್ನು ಈ ಮನೆ ಉಳ್ದಂಗೇಯ."

ಮಾವ ಸಂಜೆಯ ಬಸ್ಸಿಗೆ ಹೊರಟ. ಹೋಗುವಾಗ ನನ್ನ ಜಡೆ ಎಳೆದು, "ಮಂಜಿ, ಸರಪಳಿ ನೀನು ನೋಡ್ಕೋಬೇಕು ಕಣವ್ವಾ" ಅಂದ. ತಮಾಷೆಗೆ ಹೇಳಿದ ಮಾತು. ನಾನು ಹೂಂ ಅಂದೆ. ಅವತ್ತು ಅವ್ವ ಎಣಿಸುವಾಗ ಹನ್ನೆರಡು ಬೇಗ ತುಂಬಿತು. ನಾನು ಮಾತ್ರ ಅಜ್ಜಿಯ ಕಡೆ ನೋಡುತ್ತಿದ್ದೆ. ಅಜ್ಜಿ ನನ್ನ ಕಡೆ ನೋಡುತ್ತಿದ್ದಳು.

ಮಂಗಳವಾರ ಆರತಿ. ಹೊತ್ತು ಮೂಡುವ ಮೊದಲೇ ಮಿಲ್ಲು ಶುರುವಾಗಿತ್ತು. ಬೀದಿಯ ಅಷ್ಟೂ ಮನೆಯ ನೆನೆಸಿ ಆರಿಸಿದ ಅಕ್ಕಿ ಬೀಸಬೇಕು. ನಾನು ಸ್ನಾನ ಮುಗಿಸಿ ಬರುವಾಗ ಅಜ್ಜಿ ಹಿತ್ತಲ ಬಾಗಿಲಲ್ಲಿ ನನ್ನ ತೋಳು ಹಿಡಿದಳು. ಮುಷ್ಟಿ ಬಿಗಿಯಾಗಿತ್ತು, ಮಾತು ಮೆತ್ತಗಿತ್ತು.

"ಇಟ್ಟು ತಿಂದಿದ್ದು ನೀನು ಅಂತ ನಂಗ್ ಗೊತ್ತು ಕಣೇ. ಬೆಲ್ಲದ್ ಡಬ್ಬದಲ್ಲಿ ಇಟ್ಟಿನ್ ಕೈ ಗುರ್ತು ಯಾರ್ದು?"

ನಾನು ಅಳತೊಡಗಿದೆ.

"ಅಳ್ಬ್ಯಾಡ. ಯಾರ್ಗೂ ಏಳಾಕಿಲ್ಲ. ಓಗಿ ಅಮ್ಮನ್ ಕಾಲು ಬುಡುಸ್ಬುಡು. ನಿನ್ ತಪ್ಪು ಅಲ್ಲಿಗೆ ಮುಗೀತದೆ. ನಿಮ್ಮವ್ವಂಗೂ ಆಮೇಲೆ ಒಡಿಯಾಕಿಲ್ಲ. ನಾನು ಏಳ್ತೀನಲ್ಲ."

ಅಜ್ಜಿ ಸುಳ್ಳು ಹೇಳಲಿಲ್ಲ. ಅವಳು ಅದನ್ನು ನಂಬಿದ್ದಳು. ನಾನೂ ನಂಬಿದೆ. ಮಾವನ ಮಾತು ಮರೆತಿರಲಿಲ್ಲ, ಆದರೆ ಮಾವ ಹೇಳಿದ್ದು ತೊಟ್ಟಿಯ ನೀರಿನ ವಿಷಯ, ಅಜ್ಜಿ ಹೇಳಿದ್ದು ನನ್ನ ವಿಷಯ. ಅಪ್ಪ ಕಲ್ಲಿನ ಕಡೆ ಬಗ್ಗಿದ್ದಾಗ ನಾನು ಡ್ರಮ್ಮಿನ ಹಿಂದೆ ನುಸುಳಿದೆ. ಸರಪಳಿಯ ಕೊಕ್ಕೆ ಸಲೀಸಾಗಿ ಕಳಚಿತು. ನೆಲಕ್ಕೆ ಬಿದ್ದಾಗ ಆದ ಸದ್ದು ಮಿಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ತೊಳೆದು ಆರಿದ ಕೂದಲು ಒಂದೊಂದೇ ಕೆನ್ನೆಯಿಂದ ಎದ್ದು ಡ್ರಮ್ಮಿನ ಕಡೆ ತಿರುಗಿದವು. ಅಮ್ಮ ಎದ್ದಳು ಎಂದುಕೊಂಡು ನಾನು ಕೈಮುಗಿದು ಆಚೆ ಬಂದೆ.

ಹೆಂಗಸರು ಬಂದು ಸೇರಿದರು. ಹಿತ್ತಾಳೆ ತಟ್ಟೆ, ಹೂವು, ಬೇವಿನ ಸೊಪ್ಪು. ಕೆಂಪಮ್ಮನ ತಟ್ಟೆಯಲ್ಲಿ ಅವಳ ಮನೆಯ ಹಿಟ್ಟಿನಿಂದಲೇ ಕಟ್ಟಿದ ಮೊದಲ ತಂಬಿಟ್ಟಿನ ದೀಪ, ಬತ್ತಿ ಇಟ್ಟು ತುಪ್ಪ ಹಾಕಿದ್ದು, ಹಚ್ಚಿರಲಿಲ್ಲ; ಅದನ್ನು ಗುಡಿಯ ಮುಂದೆಯೇ ಹಚ್ಚುವುದು. ಅವ್ವ ತಲೆಗೆ ಎರೆದುಕೊಂಡು ಒದ್ದೆ ಸೀರೆಯಲ್ಲೇ ಬಂದಳು, ಬರಿಗಾಲಲ್ಲಿ. ಅವಳಿಗೆ ಭಯವಿರಲಿಲ್ಲ. ಸರಪಳಿ ಇದೆ ಎಂದು ಅವಳು ನಂಬಿದ್ದಳು. ಮೊದಲು ಎಲ್ಲರೂ ಕೊನೆಯ ಹಿಡಿ ಹಾಕಬೇಕು ಎಂದು ಅಜ್ಜಿ ಹೇಳಿದಳು. ಹೆಂಗಸರು ಹೊಡೆತಕ್ಕೆ ಹೆದರಿ ದೂರದಿಂದಲೇ ಡ್ರಮ್ಮಿನೊಳಗೆ ಹಿಟ್ಟು ಎರಚಿದರು. ಒಬ್ಬರ ಹಿಂದೆ ಒಬ್ಬರು. ಹಿಟ್ಟು ಮೋಡದಂತೆ ಎದ್ದು ಬಾಗಿಲ ಬಿಸಿಲಿನಲ್ಲಿ ಬೆಳ್ಳಗೆ ನಿಂತಿತು. ಮಾವ ಹೇಳಿದ್ದ ಮೋಡ ಇದೇ. "ಅವ್ವಾ" ಎಂದು ಕೂಗಿದೆ. ಮಿಲ್ಲು ಕೂಗನ್ನು ನುಂಗಿತು. ಅವ್ವ ಮುಡಿಪು ಎತ್ತಲು ಹಿತ್ತಾಳೆಯ ಸೇರನ್ನು ಹಿಡಿದು ಎರಡೂ ಕೈಯನ್ನು ಡ್ರಮ್ಮಿಗೆ ಇಳಿಸಿದಳು.

ನೀಲಿ ನೂಲು ಈ ಸಲ ಬೆರಳ ದಪ್ಪ ಇತ್ತು. ಅದರ ಹಿಂದೆಯೇ ಬೆಳಕು. ಬೆಂಕಿ ಹತ್ತಿದ ಹಾಗಲ್ಲ, ಗಾಳಿಯೇ ಹಳದಿಯಾಗಿ ಊದಿದ ಹಾಗೆ. ಧಸ್ ಎಂದು ಯಾರೋ ದೊಡ್ಡ ಹೊದಿಕೆ ಒದರಿದಂಥ ಸದ್ದು. ಮೇಲಿನ ನಾಲ್ಕಾರು ಹೆಂಚು ಹಾರಿ ಬೀದಿಗೆ ಬಿದ್ದವು. ಹಿಟ್ಟಿನ ಹಾರಗಳು ಒಂದೊಂದಾಗಿ ಉರಿದು ಕಪ್ಪು ನೂಲಾದವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ಮೋಟಾರು ನಿಲ್ಲಿಸಿದ. ಆ ಮೌನದಲ್ಲಿ ಅವ್ವ ಎರಡು ಕೈಯನ್ನೂ ಮುಂದಕ್ಕೆ ಚಾಚಿಕೊಂಡು, ಯಾರದೋ ಕೈಗಳನ್ನು ಎತ್ತಿಕೊಂಡು ಬಂದವಳಂತೆ, ನಿಂತಿದ್ದಳು. ಹುಬ್ಬು ಇರಲಿಲ್ಲ.

ದೀಪದಿಂದ ಹತ್ತಿಕೊಂಡಿತು ಎಂದು ಬೀದಿಯವರು ಮಾತಾಡಿಕೊಂಡರು. ಹಾಗೆ ಹೇಳುವುದು ಎಲ್ಲರಿಗೂ ಸುಲಭವಾಗಿತ್ತು. ಅವ್ವನನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಮಿಲ್ಲಿನಲ್ಲಿ ಉಳಿದವರು ಅಜ್ಜಿ ಮತ್ತು ನಾನು. ಕೆಂಪಮ್ಮ ಗಾಬರಿಯಲ್ಲಿ ಬಿಟ್ಟು ಓಡಿದ್ದ ತಟ್ಟೆ ಹೊಸಿಲ ಪಕ್ಕ ಇತ್ತು. ಅಜ್ಜಿ ಬಗ್ಗಿ ತಂಬಿಟ್ಟನ್ನು ಎತ್ತಿ ನೋಡಿದಳು. ಬತ್ತಿ ಬೆಳ್ಳಗಿತ್ತು. ತುಪ್ಪ ಹಾಕಿದಷ್ಟೂ ಹಾಗೇ ಇತ್ತು. ಅವಳು ಬತ್ತಿಯನ್ನು ನೋಡಿದಳು, ನನ್ನನ್ನು ನೋಡಿದಳು, ನೆಲದ ಮೇಲೆ ಬಿದ್ದಿದ್ದ ಸರಪಳಿಯನ್ನು ನೋಡಿದಳು. ಆಮೇಲೆ ನಿಂತಲ್ಲೇ ಕೂತಳು. ಮಣೆಯ ಮೇಲಲ್ಲ, ಬರಿ ನೆಲದ ಮೇಲೆ. ಅಪ್ಪ ಬಂದು ಪಿಂಗಾಣಿಗಳನ್ನು ತೆಗೆದು ಬಾವಿಗೆ ಹಾಕಿದಾಗಲೂ ಅವಳು ಅಲ್ಲಿಂದ ಏಳಲಿಲ್ಲ.

ಅವ್ವ ಹದಿನೈದು ದಿನಕ್ಕೆ ಮನೆಗೆ ಬಂದಳು, ಎರಡು ಕೈಗೂ ಮೊಣಕೈವರೆಗೆ ಬಟ್ಟೆ ಸುತ್ತಿಕೊಂಡು. ಅವತ್ತಿನಿಂದ ಅಜ್ಜಿಯೇ ಅವಳಿಗೆ ಉಣ್ಣಿಸಿದಳು. ಮುದ್ದೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಊದಿ ಊದಿ ಬಾಯಿಗೆ ಇಡುವಳು. ಮಡಿ, ಮೈಲಿಗೆ, ಎಂಜಲು ಎಂದು ಬದುಕಿದ್ದವಳು ಸೊಸೆಯ ಬಾಯಿ ಒರೆಸುವಳು. ಇಬ್ಬರೂ ಆ ದಿನದ ಮಾತನ್ನು ಎತ್ತಲಿಲ್ಲ. ಒಂದು ಸಲ ಮಾತ್ರ ಅವ್ವ, "ಸಾಕು ಅತ್ತೆ" ಅಂದಾಗ, ಅಜ್ಜಿ ತುತ್ತನ್ನು ಕೈಯಲ್ಲೇ ಹಿಡಿದು, "ಇನ್ನೊಂದು ತಿನ್ನು ನನ್ತಾಯಿ" ಅಂದಳು. ಅಜ್ಜಿಯ ಕಣ್ಣಲ್ಲಿ ನೀರು ಕಂಡದ್ದು ನನಗೆ ಅದೊಂದೇ ಸಲ.

ಆಸ್ಪತ್ರೆಯ ಬಟ್ಟೆ ಬಿಚ್ಚಿದಾಗ ಬೆರಳುಗಳ ಚರ್ಮ ಬಿಗಿದುಕೊಂಡಿತ್ತು. ಆಮೇಲೆ ಅವ್ವ ಆ ಕೈಯಲ್ಲೇ ರೊಟ್ಟಿ ತಟ್ಟಿದಳು, ನನಗೆ ಜಡೆ ಹಾಕಿದಳು, ಮೊಮ್ಮಕ್ಕಳನ್ನು ಎತ್ತಿದಳು. ಆದರೆ ಹೆಬ್ಬೆರಳು ಗೆಣ್ಣುಗಳಿಗೆ ಮಡಿಯಲಿಲ್ಲ, ಕೊನೆಯವರೆಗೂ. ಬಟ್ಟೆ ಬಿಚ್ಚಿದ ದಿನ ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಹೊಸಿಲ ಹತ್ತಿರ ಕೂತು ಎಣಿಸಲು ಹೋದಳು. ಆಗಲಿಲ್ಲ. ಎರಡು ಸಲ ಪ್ರಯತ್ನಿಸಿ ಬಿಟ್ಟಳು. ನಾನು ಕಂಬದ ಹಿಂದೆ ನಿಂತಿದ್ದೆ. ಇಷ್ಟು ದಿನವೂ ಅವಳ ಎದುರು ನಾನು ಸರಿಯಾಗಿ ನಿಂತಿರಲಿಲ್ಲ.

"ಬಾ ಇಲ್ಲಿ" ಅಂದಳು. "ಕೈ ಕೊಡು."

ನನ್ನ ಬಲಗೈಯನ್ನು ತನ್ನ ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಳು. ಮಡಿಯದ ತನ್ನ ತೋರುಬೆರಳನ್ನು ನನ್ನ ಕಿರುಬೆರಳ ಮೊದಲ ಗೆಣ್ಣಿನ ಮೇಲೆ ಇಟ್ಟಳು. ಹೊಸ ಚರ್ಮ ನುಣ್ಣಗಿತ್ತು, ಪಿಂಗಾಣಿಯಷ್ಟು.

"ಕಣ್ಣು ಉಳೀತು, ಒಂದು."

ಬೆರಳು ಮುಂದಿನ ಗೆಣ್ಣಿಗೆ ಸರಿಯಿತು.

"ಬಾಗ್ಲು ತೆಗ್ದಿತ್ತು, ಇನ್ಯಾರ್ಗೂ ಏನೂ ಆಗ್ಲಿಲ್ಲ, ಎರಡು."

ಮೂರನೆಯದಕ್ಕೆ ಬಂದು ನಿಂತಳು. ದೀಪ ನೋಡುತ್ತಿದ್ದವಳು ತಿರುಗಿ ನನ್ನ ಮುಖ ನೋಡಿದಳು. ಅವಳಿಗೆ ಯಾರು ಹೇಳಿದರೋ, ಯಾರೂ ಹೇಳಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು.

"ಸರಪಳಿ ಬಿಚ್ಚುದ್ ಕೈಗೆ ಕಿಡಿ ತಾಗ್ಲಿಲ್ಲ" ಅಂದಳು, ಆ ಗೆಣ್ಣನ್ನು ಒಮ್ಮೆ ಒತ್ತಿ. "ಮೂರು."

ಒಂಬತ್ತು ಬಾಕಿ ಇದ್ದವು. ಅವನ್ನೂ ನನ್ನ ಕೈಯ ಮೇಲೇ ಎಣಿಸಿ ಮುಗಿಸಿ, ಒಲೆ ಹಚ್ಚಲು ಎದ್ದಳು.